ಮುಂದುವರಿದ ಕ್ಯಾನ್ಸರ್‌ಗೆ ಜೀನ್ ಗುರಿಯ ಔಷಧಿಗಳ ಮೊದಲ ಹಂತದ ಪ್ರಯೋಗ: ಹಾಸನ, ಚಿಕ್ಕಮಗಳೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಕಡೆಯ ಕುಟುಂಬಗಳೊಂದಿಗೆ ನಡೆದ ಮಾತುಕತೆಗಳಿಂದಲೂ ಅವರು ಬರೆದ ಪತ್ರಗಳಿಂದಲೂ ಈ ಪ್ರಶ್ನೆಗಳನ್ನು ಆಯ್ದುಕೊಳ್ಳಲಾಗಿದೆ. ಕೇಳಿದವರ ಮಾತನ್ನು ತಿದ್ದದೆ ತಲೆಬರಹವಾಗಿ ಇಟ್ಟಿದ್ದೇನೆ. ಉತ್ತರಗಳು ಸಾಮಾನ್ಯ ತಿಳಿವಳಿಕೆಗಾಗಿ ಬರೆದವು. ನಿಮ್ಮ ರೋಗಿಯ ಸ್ಥಿತಿ ನೋಡಿ ಹೇಳಬೇಕಾದವರು ಅವರ ಕ್ಯಾನ್ಸರ್ ವೈದ್ಯರೇ.

## ಮೊದಲು ತಿಳಿಯಬೇಕಾದದ್ದು

ಬಯಾಪ್ಸಿ ಆಗಿದೆ, ಕ್ಯಾನ್ಸರ್ ಅಂತ ಗೊತ್ತಾಗಿದೆ. ಮತ್ತೆ ಈ ಜೀನ್ ಟೆಸ್ಟ್ ಯಾಕೆ?

ಗಡ್ಡೆ ಯಾವ ಅಂಗದ್ದು, ಯಾವ ಬಗೆಯದು ಎಂಬುದನ್ನು ಬಯಾಪ್ಸಿ ತಿಳಿಸುತ್ತದೆ. ಆ ಜೀವಕೋಶಗಳು ಯಾವ ವಂಶವಾಹಿಯಲ್ಲಿ ಆದ ಬದಲಾವಣೆಯಿಂದಾಗಿ ಅಂಕೆ ಮೀರಿ ಬೆಳೆಯುತ್ತಿವೆ ಎಂಬುದನ್ನು ಜೀನ್ ಪರೀಕ್ಷೆ ಹುಡುಕುತ್ತದೆ. ಶ್ವಾಸಕೋಶದ ಅಡಿನೋಕಾರ್ಸಿನೋಮ ಎಂಬ ಬಗೆಯ ಕ್ಯಾನ್ಸರ್‌ನಲ್ಲಿ ಇಜಿಎಫ್‌ಆರ್, ಎಎಲ್‌ಕೆ, ಆರ್‌ಒಎಸ್1, ಸ್ತನದ ಕ್ಯಾನ್ಸರ್‌ನಲ್ಲಿ ಹರ್2, ಅಂಡಾಶಯದಲ್ಲಿ ಬಿಆರ್‌ಸಿಎ, ದೊಡ್ಡ ಕರುಳಿನಲ್ಲಿ ಕೆಆರ್‌ಎಎಸ್ ಮತ್ತು ಬಿಆರ್‌ಎಎಫ್ ಸಾಮಾನ್ಯವಾಗಿ ನೋಡುವ ಹೆಸರುಗಳು. ಇವುಗಳಲ್ಲಿ ಹಲವಕ್ಕೆ ಈಗಾಗಲೇ ಅನುಮೋದನೆ ಪಡೆದ ಔಷಧಿಗಳಿವೆ. ಆದ್ದರಿಂದ ಈ ಪರೀಕ್ಷೆ ಬೇಕಾಗುವುದು ಪ್ರಯೋಗಕ್ಕೆ ಸೇರುವವರಿಗೆ ಮಾತ್ರವೇ ಅಲ್ಲ.

ಪರೀಕ್ಷೆಗೆ ಬಳಸುವುದು ಸಾಮಾನ್ಯವಾಗಿ ಹಳೆಯ ಬಯಾಪ್ಸಿಯ ಮೇಣದ ಬ್ಲಾಕನ್ನೇ, ಅಂದರೆ ಮೇಣದಲ್ಲಿ ಹುದುಗಿಸಿಟ್ಟ ಗಡ್ಡೆಯ ತುಣುಕನ್ನೇ. ಹಾಸನದಲ್ಲಿ ಬಯಾಪ್ಸಿ ಮಾಡಿಸಿ ಬೆಂಗಳೂರಿಗೆ ಹೋಗುವವರು ವರದಿಯ ಹಾಳೆಯನ್ನಷ್ಟೇ ಹಿಡಿದು ಹೋಗುತ್ತಾರೆ, ಬ್ಲಾಕ್ ಲ್ಯಾಬಿನಲ್ಲೇ ಉಳಿದಿರುತ್ತದೆ, ಅದಕ್ಕಾಗಿ ಮತ್ತೊಂದು ಓಡಾಟವಾಗುತ್ತದೆ. ಹೊರಡುವ ಮೊದಲೇ ಬ್ಲಾಕ್ ಮತ್ತು ಸ್ಲೈಡುಗಳನ್ನು ಕೇಳಿ ಪಡೆಯಿರಿ. ತುಣುಕು ಸಾಲದಿದ್ದರೆ, ಅಥವಾ ಮೂಳೆಯ ಬಯಾಪ್ಸಿಯನ್ನು ಆಮ್ಲದಲ್ಲಿ ಮೆದುಗೊಳಿಸಿ ಅದರ ಡಿಎನ್‌ಎ ಕೆಟ್ಟಿದ್ದರೆ, ರಕ್ತದಲ್ಲಿ ತೇಲುವ ಗಡ್ಡೆಯ ಡಿಎನ್‌ಎ ನೋಡುವ ಪರೀಕ್ಷೆಯೂ ಇದೆ. ಆದರೆ ರಕ್ತದಲ್ಲಿ ಏನೂ ಕಾಣಲಿಲ್ಲ ಎಂದ ಮಾತ್ರಕ್ಕೆ ಗಡ್ಡೆಯಲ್ಲಿ ಬದಲಾವಣೆಯೇ ಇಲ್ಲ ಎಂದು ತೀರ್ಮಾನಿಸುವಂತಿಲ್ಲ.

ಕೀಮೋಗೂ ಈ ಮಾತ್ರೆಗೂ ಏನು ವ್ಯತ್ಯಾಸ?

ಕೀಮೋ ಔಷಧಿಗಳು ವೇಗವಾಗಿ ಒಡೆಯುವ ಜೀವಕೋಶಗಳನ್ನೆಲ್ಲ ಹೊಡೆಯುತ್ತವೆ. ಕೂದಲು, ಬಾಯಿಯ ಒಳಪದರ, ಅಸ್ಥಿಮಜ್ಜೆ ನಲುಗುವುದು ಅದಕ್ಕೇ. ಜೀನ್ ಗುರಿಯ ಔಷಧಿ ಒಂದು ನಿರ್ದಿಷ್ಟ ಬದಲಾವಣೆಯಿಂದ ಹುಟ್ಟಿದ ಪ್ರೋಟೀನನ್ನು ತಡೆಯುತ್ತದೆ. ಇಮ್ಯಾಟಿನಿಬ್ ಇದಕ್ಕೆ ಹೆಸರಾದ ಉದಾಹರಣೆ: ದೀರ್ಘಕಾಲಿಕ ಮೈಲಾಯ್ಡ್ ರಕ್ತ ಕ್ಯಾನ್ಸರ್ ರೋಗಿಗಳಲ್ಲಿ ಅದರ ಮೊದಲ ಹಂತದ ಪ್ರಯೋಗ 1998ರಲ್ಲಿ ಆರಂಭವಾಯಿತು, 2001ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಅನುಮೋದನೆ ಸಿಕ್ಕಿತು. ಇಷ್ಟು ಬೇಗ ದಡ ಸೇರಿದ ಔಷಧಿಗಳು ಕಡಿಮೆ. ಇನ್ನೊಂದು ಮಾತು: ಜೀನ್ ಗುರಿಯ ಔಷಧಿಯೂ ಜೀನ್ ಚಿಕಿತ್ಸೆಯೂ ಒಂದೇ ಅಲ್ಲ. ಈ ಮಾತ್ರೆಗಳು ನಿಮ್ಮ ವಂಶವಾಹಿಯನ್ನು ಬದಲಿಸುವುದಿಲ್ಲ.

ಅಮ್ಮನದು ನಾಲ್ಕನೇ ಹಂತ. ಟ್ರಯಲ್ ಮೊದಲನೇ ಹಂತದ್ದಂತೆ. ಹಾಗಾದ್ರೆ ಅವರಿಗೆ ಆಗೋದಿಲ್ವಾ?

ಇವೆರಡೂ ಬೇರೆ ಬೇರೆ ಎಣಿಕೆಗಳು. ನಾಲ್ಕನೇ ಹಂತ ಎಂಬುದು ರೋಗ ದೂರದ ಅಂಗಗಳಿಗೂ ಹರಡಿರುವುದನ್ನು ಹೇಳುತ್ತದೆ, ಮೊದಲ ಹಂತದ ಪ್ರಯೋಗ ಎಂಬುದು ಔಷಧಿಯ ಪರೀಕ್ಷೆ ಎಷ್ಟು ದೂರ ಬಂದಿದೆ ಎಂಬುದನ್ನು. ಕ್ಯಾನ್ಸರ್ ಔಷಧಿಗಳ ಮೊದಲ ಹಂತದ ಪ್ರಯೋಗಗಳಿಗೆ ಹೆಚ್ಚಾಗಿ ಸೇರಿಸಿಕೊಳ್ಳುವುದು ನಿಮ್ಮ ಅಮ್ಮನಂತಹ ಮುಂದುವರಿದ ರೋಗದವರನ್ನೇ.

ನೇರವಾಗಿ ಹೇಳಿ, ಇದು ನಮ್ಮವರ ಮೇಲೆ ಪ್ರಯೋಗ ಮಾಡೋದೇ ಅಲ್ವಾ?

ಹೌದು, ಪ್ರಯೋಗವೇ. ಇದನ್ನು ಮೆತ್ತಗೆ ಹೇಳುವ ವೈದ್ಯರಿಗಿಂತ ನೇರವಾಗಿ ಹೇಳುವ ವೈದ್ಯರನ್ನು ನಂಬಿ ಎಂಬುದು ನನ್ನ ಸಲಹೆ. ಮೊದಲ ಹಂತದ ಪ್ರಯೋಗ ಮುಖ್ಯವಾಗಿ ಕೇಳುವ ಪ್ರಶ್ನೆ, ಈ ಔಷಧಿಯನ್ನು ಮನುಷ್ಯನ ದೇಹ ಎಷ್ಟು ಪ್ರಮಾಣದವರೆಗೆ ತಾಳುತ್ತದೆ ಎಂಬುದು. ಗಡ್ಡೆ ಕುಗ್ಗುತ್ತದೆಯೇ ಎಂಬುದನ್ನೂ ನೋಡುತ್ತಾರೆ, ಆದರೆ ಅದು ಎರಡನೆಯ ಪ್ರಶ್ನೆ. ರೋಗಿಯ ಮನೆಯವರಿಗಾದರೋ ಅದೊಂದೇ ಪ್ರಶ್ನೆ. ಪ್ರಯೋಗಕ್ಕೂ ಕುಟುಂಬಕ್ಕೂ ನಡುವೆ ಹುಟ್ಟುವ ಬಹುಪಾಲು ಬೇಸರಕ್ಕೆ ಈ ಅಂತರವೇ ಕಾರಣ.

ಪ್ರಮಾಣ ಏರಿಸುವ ಕ್ರಮ ಹೀಗಿದೆ. ಪ್ರಾಣಿಗಳಲ್ಲಿ ಹಾನಿ ಕಂಡ ಪ್ರಮಾಣದ ಒಂದು ಸಣ್ಣ ಪಾಲನ್ನು ಮೊದಲ ಗುಂಪಿನವರಿಗೆ ಕೊಡುತ್ತಾರೆ. ಹಳೆಯ, ಇಂದಿಗೂ ಬಳಕೆಯಲ್ಲಿರುವ ವಿನ್ಯಾಸದಲ್ಲಿ ಒಂದೊಂದು ಗುಂಪಿಗೆ 3 ಜನ. ಸಾಮಾನ್ಯವಾಗಿ 21 ಅಥವಾ 28 ದಿನಗಳ ಮೊದಲ ಸುತ್ತಿನಲ್ಲಿ ಮೂವರಲ್ಲಿ ಯಾರಿಗೂ ತೀವ್ರ ತೊಂದರೆ ಆಗದಿದ್ದರೆ ಮುಂದಿನ ಮೂವರಿಗೆ ಹೆಚ್ಚಿನ ಪ್ರಮಾಣ. ಒಬ್ಬರಿಗೆ ಆದರೆ ಅದೇ ಪ್ರಮಾಣದಲ್ಲಿ ಇನ್ನೂ ಮೂವರನ್ನು ಸೇರಿಸಿ ನೋಡುತ್ತಾರೆ. ಇಬ್ಬರಿಗೆ ಆದರೆ ಅಲ್ಲಿಗೆ ನಿಲ್ಲಿಸಿ ಅದರ ಕೆಳಗಿನ ಮೆಟ್ಟಿಲಿಗೆ ಇಳಿಯುತ್ತಾರೆ. ಮಳೆಗಾಲದ ಹೊಳೆ ದಾಟುವವನು ಕೋಲೂರಿ ಆಳ ನೋಡಿಯೇ ಮುಂದಿನ ಹೆಜ್ಜೆ ಇಡುವಂತೆ ಇದು ನಡೆಯುತ್ತದೆ. ಇದರ ಒಂದು ಫಲವನ್ನು ಯಾರೂ ತಾವಾಗಿ ಹೇಳುವುದಿಲ್ಲ: ಮೊದಲ ಗುಂಪುಗಳಿಗೆ ಸೇರಿದವರಿಗೆ ಅಪಾಯವೂ ಕಡಿಮೆ, ಔಷಧಿ ನಾಟುವ ಸಂಭವವೂ ಕಡಿಮೆ; ಕೊನೆಯ ಗುಂಪುಗಳವರಿಗೆ ಎರಡೂ ಹೆಚ್ಚು. ಆದ್ದರಿಂದ 'ನಮ್ಮವರು ಎಷ್ಟನೆಯ ಮೆಟ್ಟಿಲಲ್ಲಿ ಸೇರುತ್ತಾರೆ?' ಎಂದು ಕೇಳಲೇಬೇಕು.

ಒಬ್ಬರಿಗೆ ಕೊಟ್ಟು ಕಾದು ನೋಡಿ ಇನ್ನೊಬ್ಬರಿಗೆ ಕೊಡುವ ಎಚ್ಚರ ಬಿಗಿಯಾಗಿದ್ದು 2006ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ನಡೆದ ದುರಂತದ ನಂತರ. ಟಿಜಿಎನ್1412 ಎಂಬ ಪ್ರತಿಕಾಯ ಔಷಧಿಯನ್ನು 6 ಮಂದಿ ಆರೋಗ್ಯವಂತರಿಗೆ ಸ್ವಲ್ಪಸ್ವಲ್ಪ ಹೊತ್ತಿನ ಅಂತರದಲ್ಲಿ ಕೊಟ್ಟಾಗ ಆರೂ ಜನರ ಅಂಗಗಳು ಕೈಕೊಟ್ಟು ತೀವ್ರ ನಿಗಾ ಘಟಕ ಸೇರಿದರು. ಎಲ್ಲರೂ ಬದುಕುಳಿದರು.

ಔಷಧಿ ಅಂತ ಹೇಳಿ ಸುಮ್ಮನೆ ಸಕ್ಕರೆ ಗುಳಿಗೆ ಕೊಟ್ಟುಬಿಟ್ರೆ?

ಮುಂದುವರಿದ ಕ್ಯಾನ್ಸರ್‌ನ ಮೊದಲ ಹಂತದ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಎಲ್ಲರಿಗೂ ನಿಜವಾದ ಔಷಧಿಯೇ ಸಿಗುತ್ತದೆ. ಹುಸಿ ಗುಳಿಗೆಯ ಹೋಲಿಕೆ ಬರುವುದು ಮುಂದಿನ ಹಂತಗಳಲ್ಲಿ, ಅದೂ ಒಪ್ಪಿಗೆ ಪತ್ರದಲ್ಲಿ ಬರೆದು ತಿಳಿಸಿದ ಮೇಲೆ.

## ಸೇರುವ ಮುನ್ನ

ಎಷ್ಟು ಜನಕ್ಕೆ ಗುಣ ಆಗುತ್ತೆ?

'ಗುಣ' ಎಂಬ ನಿರೀಕ್ಷೆಯನ್ನು ಇಲ್ಲಿ ಇಟ್ಟುಕೊಳ್ಳಬಾರದು. ಪ್ರಯೋಗಗಳು ಅಳೆಯುವುದು ಗಡ್ಡೆಯ ಕುಗ್ಗುವಿಕೆಯನ್ನು. ಅಳೆಯಲು ಆಯ್ದ ಗಡ್ಡೆಗಳ ಅಗಲದ ಮೊತ್ತ ಶೇ. 30ರಷ್ಟಾದರೂ ಇಳಿದರೆ 'ಸ್ಪಂದನ' ಎನ್ನುತ್ತಾರೆ, ಶೇ. 20ರಷ್ಟು ಏರಿದರೆ ರೋಗ ಮುಂದುವರಿದಿದೆ ಎನ್ನುತ್ತಾರೆ, ನಡುವೆ ಇದ್ದರೆ ಸ್ಥಿರ.

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಬೆಂಬಲದಲ್ಲಿ 1991ರಿಂದ 2002ರವರೆಗೆ ನಡೆದ 460 ಮೊದಲ ಹಂತದ ಪ್ರಯೋಗಗಳನ್ನು ಒಟ್ಟಿಗೆ ನೋಡಿದಾಗ ಸ್ಪಂದನ ಕಂಡದ್ದು ಶೇ. 10.6 ಜನರಲ್ಲಿ, ಔಷಧಿಯ ವಿಷಪರಿಣಾಮದಿಂದ ತೀರಿಕೊಂಡವರು ಶೇ. 0.49. ಅದೇ ಸಂಸ್ಥೆಯ 2000ದಿಂದ 2019ರವರೆಗಿನ ಪ್ರಯೋಗಗಳಲ್ಲಿ ಸ್ಪಂದನ ಮೊದಲ ವರ್ಷಗಳ ಶೇ. 9.6ರಿಂದ ಕೊನೆಯ ವರ್ಷಗಳಲ್ಲಿ ಶೇ. 18ಕ್ಕೆ ಏರಿತು, ಔಷಧಿಯಿಂದಾದ ಸಾವು ಶೇ. 0.7ರಷ್ಟಿತ್ತು. ಈ ಸರಾಸರಿಯ ಒಳಗೆ ಎರಡು ತುದಿಗಳಿವೆ. ಇಮ್ಯಾಟಿನಿಬ್‌ನ ಮೊದಲ ಪ್ರಯೋಗದಲ್ಲಿ 300 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಪಡೆದ 54 ಜನರಲ್ಲಿ 53 ಜನರ ರಕ್ತದ ಎಣಿಕೆ ಸರಿಹೋಯಿತು. ಬಿಆರ್‌ಎಎಫ್ ಬದಲಾವಣೆಯಿದ್ದ ಚರ್ಮದ ಮೆಲನೋಮಕ್ಕೆ ವೆಮುರಾಫೆನಿಬ್ ಕೊಟ್ಟು ನೋಡಿದಾಗ, ಪ್ರಮಾಣ ಗೊತ್ತಾದ ಮೇಲೆ ಸೇರಿದ 32 ಜನರಲ್ಲಿ 26 ಜನರ ಗಡ್ಡೆ ಕುಗ್ಗಿತು. ಇನ್ನೊಂದು ತುದಿಯಲ್ಲಿ ಒಬ್ಬರಿಗೂ ಸ್ಪಂದನವಿಲ್ಲದೆ ಸದ್ದಿಲ್ಲದೆ ಮುಚ್ಚಿಹೋದ ಪ್ರಯೋಗಗಳು ಬಹಳ. 2011ರಿಂದ 2020ರ ನಡುವಿನ ಲೆಕ್ಕದಂತೆ, ಮೊದಲ ಹಂತಕ್ಕೆ ಬಂದ ಕ್ಯಾನ್ಸರ್ ಔಷಧಿಗಳಲ್ಲಿ ಕೊನೆಗೆ ಅನುಮೋದನೆ ಪಡೆಯುವುದು ನೂರಕ್ಕೆ ಸುಮಾರು 5.

ಎಲ್ಲಾ ಔಷಧಿ ಮುಗಿದ ಮೇಲೆ ಟ್ರಯಲ್ ನೋಡೋಣ ಅಂತಿದ್ದೀವಿ, ಸರಿನಾ?

ಅರ್ಧ ಸರಿ. ಆಯುಷ್ಯ ಹೆಚ್ಚಿಸುತ್ತದೆಂದು ಈಗಾಗಲೇ ಸಾಬೀತಾದ ಔಷಧಿ ಕೈಗೆಟಕುವಂತಿದ್ದರೆ ಅದನ್ನು ಬಿಟ್ಟು ಮೊದಲ ಹಂತದ ಪ್ರಯೋಗಕ್ಕೆ ಹೋಗುವುದು ಜಾಣತನವಲ್ಲ. ಆದರೆ ರೋಗಿ ಹಾಸಿಗೆ ಹಿಡಿದ ಮೇಲೆ ವಿಚಾರಿಸಿದರೆ ಬಾಗಿಲು ಮುಚ್ಚಿರುತ್ತದೆ. ಬಹುತೇಕ ಪ್ರಯೋಗಗಳು ಕೇಳುವುದು, ರೋಗಿ ತನ್ನ ಕೆಲಸ ತಾನೇ ಮಾಡಿಕೊಂಡು ಓಡಾಡುವಂತಿರಬೇಕು ಎಂದು. ವೈದ್ಯರ ಭಾಷೆಯಲ್ಲಿ ಇಸಿಒಜಿ 0 ಅಥವಾ 1. ಯಕೃತ್ತು, ಮೂತ್ರಪಿಂಡ, ರಕ್ತದ ಎಣಿಕೆ ಒಂದು ಮಟ್ಟದಲ್ಲಿರಬೇಕು, ಮಿದುಳಿಗೆ ಹರಡಿದ್ದರೆ ಅದು ಹತೋಟಿಗೆ ಬಂದಿರಬೇಕು, ಹಿಂದಿನ ಔಷಧಿ ನಿಲ್ಲಿಸಿ ಕೆಲವು ವಾರಗಳಾಗಿರಬೇಕು. ಈಗಿನ ಚಿಕಿತ್ಸೆ ಇನ್ನೂ ಕೆಲಸ ಮಾಡುತ್ತಿರುವಾಗಲೇ 'ಇದು ನಿಂತರೆ ಮುಂದೇನು?' ಎಂದು ಕೇಳಿಟ್ಟುಕೊಳ್ಳಲು ಒಳ್ಳೆಯ ಹೊತ್ತು.

ಜೀನ್ ಹೊಂದಿದರೂ ಜಾಗ ಸಿಗದಿರಬಹುದು. ಅಮೆರಿಕದಲ್ಲಿ 2015ರಲ್ಲಿ ಆರಂಭವಾದ ಎನ್‌ಸಿಐ-ಮ್ಯಾಚ್ ಎಂಬ ದೊಡ್ಡ ಪ್ರಯೋಗದಲ್ಲಿ ಸುಮಾರು 6,000 ಜನರ ಗಡ್ಡೆ ಪರೀಕ್ಷಿಸಿದಾಗ ಶೇ. 38ರಷ್ಟು ಜನರಲ್ಲಿ ಔಷಧಿಗೆ ಹೊಂದುವ ಬದಲಾವಣೆ ಕಂಡಿತು, ಕೊನೆಗೆ ಔಷಧಿಯ ಗುಂಪಿಗೆ ನಿಗದಿಯಾದವರು ಶೇ. 18ರಷ್ಟು.

ಹಾಸನದಲ್ಲೋ ಚಿಕ್ಕಮಗಳೂರಲ್ಲೋ ಇದು ಸಿಗೋದಿಲ್ವಾ?

ಎರಡೂ ಊರುಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ಆದರೆ ಮೊದಲ ಹಂತದ ಕ್ಯಾನ್ಸರ್ ಪ್ರಯೋಗಕ್ಕೆ ಗಂಟೆಗಂಟೆಗೆ ರಕ್ತ ತೆಗೆದು ಅತಿಶೀತದಲ್ಲಿಡುವ ವ್ಯವಸ್ಥೆ, ತೀವ್ರ ನಿಗಾ ಘಟಕ, ಅದಕ್ಕೆಂದೇ ಇರುವ ಸಿಬ್ಬಂದಿ ಬೇಕು. ಅವು ಬೆಂಗಳೂರು, ಮುಂಬೈಯಂತಹ ಕಡೆ ಇರುವ ಕೆಲವೇ ಕೇಂದ್ರಗಳಲ್ಲಿ ಸಿಗುತ್ತವೆ. ಬೆಂಗಳೂರು ಹಾಸನದಿಂದ ಸುಮಾರು 185 ಕಿಲೋಮೀಟರ್, ಚಿಕ್ಕಮಗಳೂರಿನಿಂದ ಸುಮಾರು 245. ಮೊದಲ ತಿಂಗಳಲ್ಲಿ ವಾರಕ್ಕೊಮ್ಮೆಯೋ ಇನ್ನೂ ಹೆಚ್ಚಾಗಿಯೋ ಹೋಗಬೇಕಾಗುತ್ತದೆ, ಕೆಲವು ರಾತ್ರಿ ಅಲ್ಲೇ ಉಳಿಯಬೇಕಾಗುತ್ತದೆ.

ನಿರ್ಧಾರದ ಭಾರ ಹೆಚ್ಚಾಗಿ ಇಲ್ಲೇ ಇರುತ್ತದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಅರೇಬಿಕ, ರೋಬಸ್ಟ ಕಾಫಿಯ ಕೊಯ್ಲು ನಡೆಯುವಾಗ ಮನೆಯ ಒಬ್ಬ ದುಡಿಯುವ ಕೈ ವಾರಗಟ್ಟಲೆ ಬೆಂಗಳೂರಿನಲ್ಲಿ ಕೂರುವುದು ಸಣ್ಣ ತೋಟದವರಿಗೂ ಎಸ್ಟೇಟಿನ ಲೈನ್ ಮನೆಯ ಕೆಲಸಗಾರರಿಗೂ ಸುಲಭವಲ್ಲ. ಮೊದಲ ತಿಂಗಳಾದರೂ ಬೆಂಗಳೂರಿನ ನೆಂಟರ ಮನೆಯಲ್ಲಿ ಉಳಿಯುವ ಏರ್ಪಾಡು ಆಗದಿದ್ದರೆ, ಜೊತೆಗಿರಲು ಯಾರೂ ಇಲ್ಲದಿದ್ದರೆ, ಬೇಡವೆನ್ನುವುದರಲ್ಲಿ ತಪ್ಪೇನೂ ಇಲ್ಲ. ರೋಗಿಗೆ ಉಳಿದ ಒಳ್ಳೆಯ ದಿನಗಳು ಬಸ್ಸಿನಲ್ಲೇ ಕಳೆದುಹೋಗುವುದೂ ಒಂದು ನಷ್ಟ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ದುಡ್ಡು ಎಷ್ಟು ಕಟ್ಟಬೇಕು? ತೋಟ ಅಡ ಇಡೋಕೂ ಸಿದ್ಧ ಇದ್ದೀವಿ.

ಏನನ್ನೂ ಅಡ ಇಡಬೇಡಿ. ಪ್ರಯೋಗದ ಔಷಧಿಯೂ ಪ್ರಯೋಗಕ್ಕಾಗಿಯೇ ಮಾಡುವ ಪರೀಕ್ಷೆಗಳೂ ಪ್ರಾಯೋಜಕರ, ಅಂದರೆ ಪ್ರಯೋಗ ಮಾಡಿಸುವ ಕಂಪನಿ ಅಥವಾ ಸಂಸ್ಥೆಯ, ಖರ್ಚು. ಓಡಾಟದ ಖರ್ಚು ಎಷ್ಟು ಮರಳಿ ಕೊಡುತ್ತಾರೆ, ಜೊತೆಗೆ ಬರುವವರಿಗೂ ಸಿಗುತ್ತದೆಯೇ, ಉಳಿದುಕೊಳ್ಳುವ ಖರ್ಚು ಯಾರದು ಎಂಬುದು ಒಪ್ಪಿಗೆ ಪತ್ರದಲ್ಲಿ ಬರೆದಿರುತ್ತದೆ. ಸೇರಿಸಿಕೊಳ್ಳಲು ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಇದು ಅಸಲಿ ಟ್ರಯಲ್ಲೇ ಅಂತ ಗೊತ್ತು ಮಾಡಿಕೊಳ್ಳೋದು ಹೇಗೆ?

ಸಿಟಿಆರ್‌ಐ ನೋಂದಣಿ ಸಂಖ್ಯೆ ಕೇಳಿ. ಭಾರತದ ಈ ಪ್ರಯೋಗ ನೋಂದಣಿ 2007ರಲ್ಲಿ ಆರಂಭವಾಯಿತು, 2009ರ ಜೂನ್‌ನಿಂದ ನೋಂದಣಿ ಕಡ್ಡಾಯವಾಗಿದೆ. ಆ ಸಂಖ್ಯೆಯಿಂದ ಅಂತರ್ಜಾಲದಲ್ಲಿ ಹುಡುಕಿದರೆ ಔಷಧಿ, ಪ್ರಾಯೋಜಕರು, ಕೇಂದ್ರಗಳು, ಯಾರನ್ನು ಸೇರಿಸಿಕೊಳ್ಳುತ್ತಾರೆ ಎಂಬ ವಿವರಗಳು ಯಾರಿಗಾದರೂ ಕಾಣುತ್ತವೆ. ಊರಿನ ಕಾಲೇಜು ಹುಡುಗ ಹುಡುಗಿಯರು ಹತ್ತು ನಿಮಿಷದಲ್ಲಿ ಇದನ್ನು ನೋಡಿಕೊಡಬಲ್ಲರು. ಹೊಸ ಔಷಧಿಯಾದರೆ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯಾದ ಸಿಡಿಎಸ್‌ಸಿಒ ಅನುಮತಿ ಮತ್ತು ನೋಂದಾಯಿತ ನೀತಿ ಸಮಿತಿಯ ಒಪ್ಪಿಗೆ ಎರಡೂ ಬೇಕು. ಆ ಸಮಿತಿಯಲ್ಲಿ ವೈದ್ಯರಲ್ಲದ ಸಾಮಾನ್ಯರೊಬ್ಬರೂ ಕಾನೂನು ಬಲ್ಲವರೊಬ್ಬರೂ ಇರಲೇಬೇಕು.

ಅಪ್ಪನಿಗೆ ಕ್ಯಾನ್ಸರ್ ಅಂತಾನೇ ಹೇಳಿಲ್ಲ. ನಾನೇ ಸಹಿ ಹಾಕಬಹುದಾ?

ಸಾಧ್ಯವಿಲ್ಲ. ತಿಳಿದು ತೀರ್ಮಾನಿಸಬಲ್ಲ ವಯಸ್ಕರ ಪರವಾಗಿ ಮಗನಾಗಲಿ ಹೆಂಡತಿಯಾಗಲಿ ಒಪ್ಪಿಗೆ ಕೊಡುವಂತಿಲ್ಲ. ಪ್ರತಿನಿಧಿಯ ಸಹಿ ನಡೆಯುವುದು ರೋಗಿ ಒಪ್ಪಿಗೆ ಕೊಡಲಾರದ ಸ್ಥಿತಿಯಲ್ಲಿದ್ದಾಗ ಮಾತ್ರ. ಮನೆಯವರು 'ಗ್ಯಾಸ್ಟ್ರಿಕ್', 'ಗಂಟು', 'ಸ್ವಲ್ಪ ಇನ್ಫೆಕ್ಷನ್' ಎಂದು ಹೇಳಿಕೊಂಡು ಬಂದಿದ್ದರೆ, ಪ್ರಯೋಗದ ಮಾತು ಬಂದ ದಿನ ಆ ಮರೆ ಉಳಿಯುವುದಿಲ್ಲ, ಉಳಿಯಲೂಬಾರದು. ಅಪಾಯವನ್ನು ಹೊರುವ ದೇಹ ಅವರದು.

ಮುಚ್ಚಿಡುವವರದು ಕೆಟ್ಟ ಮನಸ್ಸಲ್ಲ, ಹೆದರಿ ಕುಗ್ಗಿಬಿಟ್ಟಾರು ಎಂಬ ಆತಂಕ. ಆದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಬಾಗಿಲಲ್ಲಿ ಇಳಿದ ಮೇಲೂ ತನಗೇನಾಗಿದೆ ಎಂದು ತಿಳಿಯದ ಹಿರಿಯರು ವಿರಳ. ಬಹಳ ಮನೆಗಳಲ್ಲಿ ಅಪ್ಪನಿಗೆ ಗೊತ್ತಿರುತ್ತದೆ, ಮಕ್ಕಳಿಗೆ ನೋವಾಗಬಾರದೆಂದು ಗೊತ್ತಿಲ್ಲದವರ ಹಾಗೆ ಇರುತ್ತಾರೆ. ಎಲ್ಲವನ್ನೂ ಒಂದೇ ಸಲ ಹೇಳಬೇಕಾಗಿಲ್ಲ. 'ನಿಮ್ಮ ಕಾಯಿಲೆ ಬಗ್ಗೆ ಡಾಕ್ಟರು ಹೇಳಿದ್ದನ್ನೆಲ್ಲ ನೀವೇ ಕೇಳಬೇಕು ಅನ್ಸುತ್ತಾ, ಇಲ್ಲ ನಾವು ಕೇಳಿ ಹೇಳೋದಾ?' ಎಂದು ಆರಂಭಿಸಿ, ವೈದ್ಯರ ಎದುರು, ಅವರು ಕೇಳಿದಷ್ಟನ್ನು ಕೇಳಿದ ಹಾಗೆ ಹೇಳುತ್ತ ಹೋಗಬಹುದು. ಇಷ್ಟೆಲ್ಲ ಆದ ಮೇಲೂ ತನ್ನ ರೋಗದ ವಿವರ ತನಗೆ ಬೇಡವೆಂದು ಅವರು ಹೇಳಿದರೆ ಅದು ಅವರ ಹಕ್ಕು. ಆಗ ಮೊದಲ ಹಂತದ ಪ್ರಯೋಗ ಅವರಿಗೆ ತಕ್ಕದ್ದಲ್ಲ, ಅಷ್ಟೇ.

ಒಪ್ಪಿಗೆ ಪತ್ರ ರೋಗಿಗೆ ತಿಳಿಯುವ ಭಾಷೆಯಲ್ಲಿರಬೇಕು. ಕನ್ನಡ ಓದಲು ಬಾರದೆ ತಮಿಳು ಮಾತ್ರ ಬಲ್ಲ ತೋಟದ ಕೆಲಸಗಾರರಿಗೆ ತಮಿಳಿನ ಪತ್ರವನ್ನೇ ಕೇಳಿ. ಓದು ಬಾರದವರಿಗೆ ಪ್ರಯೋಗದೊಂದಿಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಮಾತುಕತೆಯ ಉದ್ದಕ್ಕೂ ಇರಬೇಕು. 2019ರ ಹೊಸ ಔಷಧಿ ಮತ್ತು ಚಿಕಿತ್ಸಾ ಪ್ರಯೋಗ ನಿಯಮಗಳ ಪ್ರಕಾರ, ಹೊಸ ಅಣುವಿನ (ಹಿಂದೆ ಬಳಕೆಯಲ್ಲಿಲ್ಲದ ಔಷಧಿಯ) ಪ್ರಯೋಗಕ್ಕೆ ದುರ್ಬಲ ಸ್ಥಿತಿಯಲ್ಲಿರುವವರನ್ನು ಸೇರಿಸುವಾಗ ಒಪ್ಪಿಗೆಯ ಮಾತುಕತೆಯನ್ನು ವಿಡಿಯೊ ಮಾಡಿಡಬೇಕು, ಕ್ಯಾಮೆರಾ ಕಂಡು ಗಾಬರಿಯಾಗಬೇಡಿ. ಸಹಿಯಾದ ಪತ್ರದ ಒಂದು ಪ್ರತಿ ನಿಮಗೆ ಸಲ್ಲಬೇಕು. ಪತ್ರ ಮನೆಗೆ ತಂದು ನಾಲ್ಕು ದಿನ ಓದಿ, ಊರಿನ ಡಾಕ್ಟರಿಗೂ ತೋರಿಸಿ, ಆಮೇಲೆ ಸಹಿ ಹಾಕುವುದಕ್ಕೆ ಯಾರೂ ಅಡ್ಡಿ ಹೇಳುವಂತಿಲ್ಲ.

## ಸೇರಿದ ಮೇಲೆ

ಅಷ್ಟೊಂದು ಸಲ ರಕ್ತ ಯಾಕೆ ತೆಗೀತಾರೆ?

ಔಷಧಿ ರಕ್ತಕ್ಕೆ ಎಷ್ಟು ಬೇಗ ಸೇರುತ್ತದೆ, ಎಷ್ಟು ಹೊತ್ತು ಉಳಿಯುತ್ತದೆ ಎಂದು ತಿಳಿಯಲು ಮೊದಲ ದಿನ ಮಾತ್ರೆಗೆ ಮೊದಲು, ನಂತರ ಒಂದು, ಎರಡು, ನಾಲ್ಕು, ಎಂಟು ಗಂಟೆಗಳಿಗೆ, ಮಾರನೆಯ ಬೆಳಿಗ್ಗೆ, ಹೀಗೆ ಕೆಲವು ಮಿಲಿಲೀಟರ್‌ನಂತೆ ತೆಗೆಯುತ್ತಾರೆ. ಗಡ್ಡೆಯ ತುಣುಕನ್ನು ಔಷಧಿಗೆ ಮೊದಲೊಮ್ಮೆ, ನಡುವೆ ಮತ್ತೊಮ್ಮೆ ತೆಗೆಯುವ ಪ್ರಯೋಗಗಳೂ ಇವೆ. ಅದು ಕಡ್ಡಾಯವೇ ಐಚ್ಛಿಕವೇ ಎಂದು ಮೊದಲೇ ಕೇಳಿ. ಸ್ಕ್ಯಾನ್ ಸಾಮಾನ್ಯವಾಗಿ ಆರೆಂಟು ವಾರಗಳಿಗೊಮ್ಮೆ ಇರುತ್ತದೆ.

ಜೊತೆಗೆ ನಾಟಿ ಔಷಧಿ, ಕಷಾಯ ಕೊಡಬಹುದಾ? ಮನೆ ಊಟ ಹೇಗೆ?

ಮನೆ ಊಟಕ್ಕೆ, ಸಾರಿನ ಅರಿಶಿನ ಮೆಣಸಿಗೆ ತೊಂದರೆಯಿಲ್ಲ. ಹಿತ್ತಲಿನ ಚಕ್ಕೋತ ಹಣ್ಣು ಮಾತ್ರ ಬೇಡ. ಜೀನ್ ಗುರಿಯ ಬಹಳಷ್ಟು ಮಾತ್ರೆಗಳನ್ನು ದೇಹ ಕರಗಿಸುವುದು ಸಿವೈಪಿ3ಎ4 ಎಂಬ ಕಿಣ್ವದಿಂದ. ಚಕ್ಕೋತ ಮತ್ತು ಅದರ ಬಳಗದ ಗ್ರೇಪ್‌ಫ್ರೂಟ್ ಆ ಕಿಣ್ವವನ್ನು ತಡೆಯುವುದರಿಂದ ರಕ್ತದಲ್ಲಿ ಔಷಧಿಯ ಮಟ್ಟ ಅಪಾಯಕಾರಿಯಾಗಿ ಏರಬಹುದು. ಅಂಗಡಿಯಲ್ಲಿ ಸಿಗುವ ಗ್ಯಾಸ್ ಮಾತ್ರೆಯೂ ಕೆಲವು ಔಷಧಿಗಳು ಹೊಟ್ಟೆಯಲ್ಲಿ ಕರಗದಂತೆ ಮಾಡುತ್ತದೆ.

ನಾಟಿ ಔಷಧಿಯ ವಿಷಯದಲ್ಲಿ ಜನರ ನಂಬಿಕೆಯನ್ನು ಹಗುರವಾಗಿ ಕಾಣುವವನು ನಾನಲ್ಲ. ಆದರೆ ಅಮೃತಬಳ್ಳಿಯಂತಹ ಪರಿಚಿತ ಮೂಲಿಕೆಯಿಂದಲೂ ಯಕೃತ್ತಿಗೆ ಹಾನಿಯಾದ ಪ್ರಕರಣಗಳನ್ನು ಭಾರತದ ವೈದ್ಯರೇ ದಾಖಲಿಸಿದ್ದಾರೆ. ಪ್ರಯೋಗದ ನಡುವೆ ಯಕೃತ್ತಿನ ವರದಿ ಏರಿದರೆ ಕಾರಣ ಹೊಸ ಔಷಧಿಯೇ ಕಷಾಯವೇ ಎಂದು ಹೇಳಲಾಗದೆ, ಕೆಲಸ ಮಾಡುತ್ತಿದ್ದ ಔಷಧಿಯನ್ನೇ ನಿಲ್ಲಿಸಬೇಕಾಗಬಹುದು. ಈಗಾಗಲೇ ಕೊಡುತ್ತಿದ್ದರೆ ಅಡಗಿಸದೆ ಹೇಳಿಬಿಡಿ.

ರಾತ್ರಿ ಹೊತ್ತು ಊರಲ್ಲಿ ಏನಾದರೂ ಆದ್ರೆ ಏನು ಮಾಡೋದು?

ಮಾತ್ರೆ ಎಂದ ಮಾತ್ರಕ್ಕೆ ಸೌಮ್ಯವಲ್ಲ. ಇಜಿಎಫ್‌ಆರ್ ತಡೆಯುವ ಔಷಧಿಗಳಿಂದ ಮೈಮೇಲೆ ಮೊಡವೆಯಂತಹ ಗುಳ್ಳೆ, ಭೇದಿ, ಅಪರೂಪಕ್ಕೆ ಶ್ವಾಸಕೋಶದ ಉರಿಯೂತ. ಎಂಇಕೆ ಎಂಬ ಪ್ರೋಟೀನನ್ನು ತಡೆಯುವವುಗಳಿಂದ ಕಣ್ಣಿನ ತೊಂದರೆ. ಪಿಐ3ಕೆ ಎಂಬುದನ್ನು ತಡೆಯುವವುಗಳಿಂದ ಸಕ್ಕರೆ ಏರಿಕೆ. ಕೆಲವದರಿಂದ ಹೃದಯದ ಬಡಿತದ ಲಯ ತಪ್ಪುವಿಕೆ ಕಂಡುಬಂದಿವೆ. ಉಸಿರಾಟದ ಹೊಸ ತೊಂದರೆ, ಜ್ವರ, ತಲೆಸುತ್ತಿ ಬೀಳುವುದು, ನಿಲ್ಲದ ಭೇದಿ, ದೃಷ್ಟಿ ಮಂಜಾಗುವುದು, ಇವುಗಳಿಗೆ ಬೆಳಗಾಗುವವರೆಗೆ ಕಾಯಬೇಡಿ.

ಬೆಂಗಳೂರಿಗೆ ಓಡಬೇಡಿ, ಮೊದಲು ಹತ್ತಿರದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಿ, ಅಲ್ಲಿಂದ ಪ್ರಯೋಗ ಕೇಂದ್ರಕ್ಕೆ ಫೋನ್ ಮಾಡಿಸಿ. ಪ್ರಯೋಗದವರು ಕೊಡುವ ಚೀಟಿಯಲ್ಲಿ ಔಷಧಿಯ ಹೆಸರೂ ದಿನವಿಡೀ ಸಿಗುವ ಸಂಖ್ಯೆಯೂ ಇರುತ್ತದೆ, ಅದರ ಜೆರಾಕ್ಸ್ ಪ್ರತಿ ಮನೆಯವರೆಲ್ಲರ ಬಳಿ ಇರಲಿ. ಮಳೆಗಾಲದಲ್ಲಿ ಮರ ಬಿದ್ದು ದಾರಿ ಕಟ್ಟುವ, ಸಿಗ್ನಲ್ ಸಿಗದ ಮಲೆನಾಡಿನ ಮನೆಗಳವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೊದಲ ಸುತ್ತನ್ನು ಊರಿನಲ್ಲಿ ಕಳೆಯದಿರುವುದೇ ಲೇಸು.

ಹೆಚ್ಚುಕಮ್ಮಿ ಆದ್ರೆ ಪರಿಹಾರ ಕೊಡ್ತಾರಾ?

ಪ್ರಯೋಗದಲ್ಲಿರುವಾಗ ತೊಂದರೆಯಾದರೆ ಅಗತ್ಯವಿರುವಷ್ಟು ಕಾಲ, ಅಥವಾ ಅದಕ್ಕೂ ಪ್ರಯೋಗಕ್ಕೂ ಸಂಬಂಧವಿಲ್ಲವೆಂದು ಸಾಬೀತಾಗುವವರೆಗೆ, ಉಚಿತ ಚಿಕಿತ್ಸೆ ಕೊಡಬೇಕು. ಪ್ರಯೋಗದಿಂದಲೇ ಆದದ್ದೆಂದು ತೀರ್ಮಾನವಾದರೆ ಹಣದ ಪರಿಹಾರ ಬೇರೆ. ಗಂಭೀರ ಘಟನೆಯನ್ನು ವೈದ್ಯರು 24 ಗಂಟೆಯೊಳಗೆ ವರದಿ ಮಾಡಬೇಕು.

ಸಾವಿನ ಪರಿಹಾರದ ಸೂತ್ರ 8 ಲಕ್ಷ ರೂಪಾಯಿಯ ಮೂಲದಿಂದ ಆರಂಭವಾಗಿ ವಯಸ್ಸು ಮತ್ತು ರೋಗದ ತೀವ್ರತೆಯ ಅಂಶಗಳಿಂದ ಗುಣಿಸಲ್ಪಡುತ್ತದೆ. ತೀವ್ರತೆಯ ಅಂಶ ಆರೋಗ್ಯವಂತರಿಗೆ 4, ಆರು ತಿಂಗಳಿಗಿಂತ ಹೆಚ್ಚು ಬದುಕುವ ನಿರೀಕ್ಷೆಯಿಲ್ಲದವರಿಗೆ 0.5. ಅಂದರೆ ನಮ್ಮ ರೋಗಿಗಳ ಪಾಲಿಗೆ ಮೊತ್ತ ಚಿಕ್ಕದು. ಇದು ನ್ಯಾಯವೇ ಎಂದು ಕೇಳಿದರೆ ನನಗೆ ಸಮಾಧಾನವಿಲ್ಲ, ಆದರೆ ನಿಯಮ ಹೀಗಿದೆ. ಒಪ್ಪಿಗೆ ಪತ್ರದಲ್ಲಿ ನಾಮಿನಿಯ ಹೆಸರು ಬರೆಯುವ ಜಾಗವಿದೆ, ಖಾಲಿ ಬಿಡಬೇಡಿ. ರೋಗವೇ ಉಲ್ಬಣಿಸಿ ತೀರಿಕೊಂಡರೆ ಪರಿಹಾರ ಸಲ್ಲುವುದಿಲ್ಲ.

ಮಧ್ಯದಲ್ಲಿ ಬೇಡ ಅನ್ಸಿದ್ರೆ ಬಿಡಬಹುದಾ? ಆಮೇಲೆ ಅದೇ ಆಸ್ಪತ್ರೆಯವರು ನೋಡ್ತಾರಾ?

ಯಾವ ದಿನವಾದರೂ, ಕಾರಣ ಹೇಳದೆಯೂ ಬಿಡಬಹುದು. ಮಾಮೂಲು ಚಿಕಿತ್ಸೆಯನ್ನು ನಿರಾಕರಿಸುವಂತಿಲ್ಲ. ಆದರೆ ತಿಳಿಸದೆ ಮಾತ್ರೆ ನಿಲ್ಲಿಸಬೇಡಿ.

ಟ್ರಯಲ್‌ಗೆ ಸೇರಿದ್ರೆ ನೋವಿನ ಚಿಕಿತ್ಸೆ ನಿಲ್ಲಿಸಬೇಕಾ?

ಬೇಕಾಗಿಲ್ಲ. ನೋವು, ವಾಂತಿ, ನಿದ್ರೆ, ಮನಸ್ಸಿನ ದುಗುಡವನ್ನು ನೋಡಿಕೊಳ್ಳುವ ಉಪಶಾಮಕ ಆರೈಕೆ ಪ್ರಯೋಗದ ಜೊತೆಜೊತೆಗೇ ನಡೆಯಬೇಕು. ಹರಡಿದ ಶ್ವಾಸಕೋಶ ಕ್ಯಾನ್ಸರ್‌ನ ರೋಗಿಗಳಿಗೆ ಆರಂಭದಿಂದಲೇ ಈ ಆರೈಕೆ ಕೊಟ್ಟಾಗ ಅವರ ಮಧ್ಯಮ ಆಯುಷ್ಯ (ಅರ್ಧದಷ್ಟು ಜನ ಬದುಕಿದ್ದ ಅವಧಿ) 8.9 ತಿಂಗಳ ಬದಲು 11.6 ತಿಂಗಳಿತ್ತು ಎಂಬುದು 2010ರಲ್ಲಿ ಪ್ರಕಟವಾದ ಅಧ್ಯಯನದ ಫಲಿತಾಂಶ. ಎಷ್ಟೋ ಹೊಸ ಔಷಧಿಗಳು ಇಷ್ಟನ್ನೂ ಕೊಟ್ಟಿಲ್ಲ.

## ಇನ್ನಷ್ಟು ತಿಳಿಯಬಯಸುವವರಿಗೆ

ಜೀನ್ ಮ್ಯಾಚ್ ಆಗಿತ್ತು, ಆದ್ರೂ ಔಷಧಿ ನಾಟಲಿಲ್ಲ. ಯಾಕೆ?

ಒಂದೇ ಬದಲಾವಣೆ ಎಲ್ಲ ಅಂಗಗಳಲ್ಲೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಮೆಲನೋಮದಲ್ಲಿ ಗೆದ್ದ ವೆಮುರಾಫೆನಿಬ್ ಅದೇ ಬಿಆರ್‌ಎಎಫ್ ಬದಲಾವಣೆಯಿರುವ ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲಿ ಒಂಟಿಯಾಗಿ ಸೋತಿತು. ಅಲ್ಲಿ ಬಿಆರ್‌ಎಎಫ್ ಮುಚ್ಚಿದೊಡನೆ ಇಜಿಎಫ್‌ಆರ್ ದಾರಿ ತೆರೆದುಕೊಳ್ಳುತ್ತದೆ ಎಂಬುದು ತಿಳಿದ ಮೇಲೆ ಎರಡನ್ನೂ ಒಟ್ಟಿಗೆ ತಡೆಯುವ ಜೋಡಿ ಔಷಧಿಗೆ 2020ರಲ್ಲಿ ಅಮೆರಿಕದ ಅನುಮೋದನೆ ಸಿಕ್ಕಿತು.

ಮೊದಲು ಕೆಲಸ ಮಾಡಿ ಆಮೇಲೆ ನಿಲ್ಲುವುದು ಇನ್ನೊಂದು ಬಗೆ. ಇಜಿಎಫ್‌ಆರ್‌ನ ಹಳೆಯ ಮಾತ್ರೆಗಳಾದ ಜೆಫಿಟಿನಿಬ್, ಎರ್ಲೋಟಿನಿಬ್ ಪಡೆದವರಲ್ಲಿ ರೋಗ ಮರಳಿದಾಗ ಸುಮಾರು ಅರ್ಧದಷ್ಟು ಜನರ ಗಡ್ಡೆಯಲ್ಲಿ ಟಿ790ಎಂ ಎಂಬ ಹೊಸ ಬದಲಾವಣೆ ಇರುತ್ತದೆ. ಅದನ್ನೇ ಗುರಿಯಾಗಿಸಿದ ಓಸಿಮರ್ಟಿನಿಬ್ 2013ರಲ್ಲಿ ಮೊದಲ ಹಂತದ ಪ್ರಯೋಗಕ್ಕೆ ಬಂದು 2015ರಲ್ಲಿ ಅನುಮೋದನೆ ಪಡೆಯಿತು. ರೋಗ ಮರಳಿದಾಗ ಮತ್ತೆ ಜೀನ್ ಪರೀಕ್ಷೆ ಕೇಳುವುದು ಇದಕ್ಕಾಗಿಯೇ.

ಡೋಸ್ ಜಾಸ್ತಿ ಇದ್ದಷ್ಟೂ ಒಳ್ಳೇದಲ್ವಾ?

ಕೀಮೋ ಕಾಲದ ತರ್ಕ ಅದು. ಜೀನ್ ಗುರಿಯ ಔಷಧಿಗೆ ಗುರಿಯ ಪ್ರೋಟೀನು ಪೂರ್ತಿ ಮುಚ್ಚಿದ ಮೇಲೆ ಪ್ರಮಾಣ ಏರಿಸಿದರೆ ಅಡ್ಡಪರಿಣಾಮವಷ್ಟೇ ಏರಬಹುದು. ಇಮ್ಯಾಟಿನಿಬ್‌ನ ಮೊದಲ ಪ್ರಯೋಗದಲ್ಲಿ ದೇಹ ತಾಳಲಾರದ ಪ್ರಮಾಣ ಸಿಗುವ ಮೊದಲೇ ಪರಿಣಾಮ ಕಂಡಿತ್ತು. ಕೆಆರ್‌ಎಎಸ್ ಜೀನಿನ ಜಿ12ಸಿ ಎಂಬ ಬದಲಾವಣೆಯಿಂದ ಹುಟ್ಟಿದ ಪ್ರೋಟೀನನ್ನು ತಡೆಯುವ ಸೋಟೊರಾಸಿಬ್‌ಗೆ 2021ರಲ್ಲಿ 960 ಮಿಲಿಗ್ರಾಂ ಪ್ರಮಾಣದಲ್ಲಿ ಅನುಮೋದನೆ ಕೊಟ್ಟ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ, 240 ಮಿಲಿಗ್ರಾಂ ಜೊತೆ ಹೋಲಿಸಿ ನೋಡುವಂತೆ ಕಂಪನಿಗೆ ಹೇಳಿತು. ಅದೇ ವರ್ಷ ಸರಿಯಾದ ಪ್ರಮಾಣವನ್ನು ಮೊದಲೇ ಹುಡುಕಬೇಕೆಂಬ 'ಪ್ರಾಜೆಕ್ಟ್ ಆಪ್ಟಿಮಸ್' ಆರಂಭವಾಯಿತು. ಇಂದಿನ ಮೊದಲ ಹಂತದ ಪ್ರಯೋಗಗಳಲ್ಲಿ ಎರಡು ಪ್ರಮಾಣಗಳಿಗೆ ಚೀಟಿ ಎತ್ತಿದಂತೆ ಹಂಚುವುದು ಕಂಡರೆ ಅದರ ಹಿನ್ನೆಲೆ ಇದು. ಕಡಿಮೆ ಪ್ರಮಾಣ ಬಂದವರು ಮೋಸಹೋದೆವೆಂದು ತಿಳಿಯಬೇಕಾಗಿಲ್ಲ.

ಬೇರೆ ಬೇರೆ ಅಂಗದ ಕ್ಯಾನ್ಸರ್ ಇರೋರನ್ನು ಒಂದೇ ಟ್ರಯಲ್‌ಗೆ ಸೇರಿಸ್ತಾರಂತೆ, ಅದು ಹೇಗೆ?

ಅಂಗ ಯಾವುದೇ ಇರಲಿ, ಜೀನ್ ಬದಲಾವಣೆ ಒಂದೇ ಇದ್ದವರನ್ನು ಒಟ್ಟಿಗೆ ನೋಡುವ ವಿನ್ಯಾಸವಿದು. ಎನ್‌ಟಿಆರ್‌ಕೆ ಜೋಡಣೆಯಿದ್ದ (ಆ ಜೀನ್ ಇನ್ನೊಂದು ಜೀನಿಗೆ ಅಂಟಿಕೊಂಡಿದ್ದ) 55 ಜನರಿಗೆ ಲಾರೊಟ್ರೆಕ್ಟಿನಿಬ್ ಕೊಟ್ಟಾಗ ಶೇ. 75 ಜನರ ಗಡ್ಡೆ ಕುಗ್ಗಿತು. ಅವರಲ್ಲಿ ಕಿರಿಯದು 4 ತಿಂಗಳ ಕೂಸು, ಹಿರಿಯರಿಗೆ 76 ವರ್ಷ. 2018ರಲ್ಲಿ ಅದಕ್ಕೆ ಅನುಮೋದನೆ ದೊರೆಯಿತು. ಆ ಜೋಡಣೆ ಸಾಮಾನ್ಯ ಕ್ಯಾನ್ಸರ್‌ಗಳಲ್ಲಿ ಬಹಳ ಅಪರೂಪ ಎಂಬುದನ್ನೂ ನೆನಪಿಡಬೇಕು.

ವಿದೇಶಿ ಕಂಪನಿಗಳು ಮೊದಲು ನಮ್ಮ ಜನರ ಮೇಲೆ ಪರೀಕ್ಷೆ ಮಾಡ್ತಾರಂತೆ, ನಿಜಾನಾ?

ಹೊರದೇಶದಲ್ಲಿ ಕಂಡುಹಿಡಿದ ಔಷಧಿಯಾದರೆ ಅಲ್ಲಿನ ಮೊದಲ ಹಂತದ ಮಾಹಿತಿ ಸಲ್ಲಿಸಿದ ನಂತರವೇ ಇಲ್ಲಿ ಅದನ್ನು ಪುನಃ ಮಾಡಲು ಅನುಮತಿ ಎಂದು 2019ರ ನಿಯಮಗಳು ಹೇಳುತ್ತವೆ. ಮೊತ್ತಮೊದಲು ಭಾರತದಲ್ಲೇ ಮನುಷ್ಯರಿಗೆ ಕೊಡುವುದು ಇಲ್ಲೇ ರೂಪುಗೊಂಡ ಔಷಧಿಗಳನ್ನು. ಅಂತಹವುಗಳಿಗಾಗಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮೊದಲ ಹಂತದ ಪ್ರಯೋಗಗಳ ಜಾಲವೊಂದನ್ನು ಕಟ್ಟಿದೆ. 2024ರಲ್ಲಿ ಅದು ಮಾಡಿಕೊಂಡ ಒಪ್ಪಂದಗಳಲ್ಲಿ ಮಲ್ಟಿಪಲ್ ಮೈಲೋಮ ಎಂಬ ರಕ್ತ ಕ್ಯಾನ್ಸರ್‌ಗೆ ಬೆಂಗಳೂರಿನ ಆರಿಜೀನ್ ಆಂಕಾಲಜಿ ಸಂಸ್ಥೆಯ ಒಂದು ಔಷಧಿಯೂ ಇದೆ.

ಅಕ್ಕನ ರಿಪೋರ್ಟಲ್ಲಿ ಬಿಆರ್‌ಸಿಎ ಅಂತ ಬಂದಿದೆ. ಅವಳ ಮಕ್ಕಳಿಗೂ ಬರುತ್ತಾ?

ಗಡ್ಡೆಯಲ್ಲಿ ಕಂಡ ಬದಲಾವಣೆ ಗಡ್ಡೆಯಲ್ಲೇ ಹುಟ್ಟಿದ್ದಿರಬಹುದು, ಹುಟ್ಟಿನಿಂದ ಬಂದದ್ದೂ ಇರಬಹುದು. ಯಾವುದೆಂದು ತಿಳಿಯಲು ಪ್ರತ್ಯೇಕ ರಕ್ತಪರೀಕ್ಷೆ ಬೇಕು. ಹುಟ್ಟಿನದಾದರೆ ಗಂಡಾಗಲಿ ಹೆಣ್ಣಾಗಲಿ ಪ್ರತಿ ಮಗುವಿಗೂ ಅದು ಬಂದಿರುವ ಸಂಭವ ಎರಡರಲ್ಲಿ ಒಂದು, ನಿಮಗೂ ಬಂದಿರಬಹುದು. ಬಂದಿದ್ದರೆ ಕ್ಯಾನ್ಸರ್ ಆಗಿಯೇ ತೀರುತ್ತದೆ ಎಂದಲ್ಲ, ತಪಾಸಣೆ ಬೇಗ ಆರಂಭಿಸಬೇಕು ಎಂದು. ಮದುವೆಯ ಮಾತುಕತೆಯ ಹೊತ್ತಿಗೆ ಇದು ಹೊರಬಿದ್ದೀತೆಂಬ ಅಂಜಿಕೆಯಿಂದ ಪರೀಕ್ಷೆಯನ್ನೇ ತಪ್ಪಿಸುವ ಮನೆಗಳಿವೆ. ವರದಿ ಗೋಪ್ಯವಾಗಿರುತ್ತದೆ; ಆಪ್ತಸಲಹೆಗಾರರೊಂದಿಗೆ ಮೊದಲು ಮಾತಾಡಿ, ನಂತರ ತೀರ್ಮಾನಿಸಿ.

ಔಷಧಿ ಕೆಲಸ ಮಾಡ್ತಿರುವಾಗಲೇ ಟ್ರಯಲ್ ಮುಗಿದ್ರೆ ಗತಿ ಏನು?

ಸಾಮಾನ್ಯವಾಗಿ ಉಪಯೋಗ ಕಾಣುತ್ತಿರುವವರಿಗೆ ಔಷಧಿ ಮುಂದುವರಿಸುತ್ತಾರೆ. ಬೇರೆ ಚಿಕಿತ್ಸೆ ಇಲ್ಲದಿದ್ದಾಗ, ವೈದ್ಯರು ಶಿಫಾರಸು ಮಾಡಿ ನೀತಿ ಸಮಿತಿ ಒಪ್ಪಿದರೆ, ಪ್ರಯೋಗ ಮುಗಿದ ಮೇಲೂ ಉಚಿತವಾಗಿ ಕೊಡುವ ಅವಕಾಶ 2019ರ ನಿಯಮಗಳಲ್ಲಿದೆ. ಆದರೆ ಕಂಪನಿಯೇ ಆ ಔಷಧಿಯನ್ನು ಕೈಬಿಟ್ಟರೆ ಸಿಗುವುದು ಕಷ್ಟ. ಅನುಮೋದನೆ ಸಿಕ್ಕಿತೆಂದೇ ಇಟ್ಟುಕೊಂಡರೂ ಬೆಲೆಯ ಪ್ರಶ್ನೆ ಉಳಿಯುತ್ತದೆ: ಇಮ್ಯಾಟಿನಿಬ್ ವಿಷಯದಲ್ಲಿ 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಪೇಟೆಂಟ್ ನಿರಾಕರಣೆಯನ್ನು ಎತ್ತಿಹಿಡಿದಿದ್ದರಿಂದ ಭಾರತೀಯ ಕಂಪನಿಗಳ ಅಗ್ಗದ ಮಾತ್ರೆ ನಮಗೆ ಉಳಿಯಿತು, ಎಲ್ಲ ಔಷಧಿಗಳಿಗೂ ಹಾಗಾಗಿಲ್ಲ. ಪ್ರಯೋಗ ಮುಗಿದ ಮೇಲೆ ಔಷಧಿ ಎಷ್ಟು ದಿನ, ಯಾರ ಖರ್ಚಿನಲ್ಲಿ, ಯಾವ ಆಸ್ಪತ್ರೆಯಲ್ಲಿ ಸಿಗುತ್ತದೆ ಎಂಬುದು ಒಪ್ಪಿಗೆ ಪತ್ರದಲ್ಲಿ ಇಲ್ಲದಿದ್ದರೆ, ಸಹಿ ಹಾಕುವ ಮೊದಲೇ ಪ್ರಧಾನ ಸಂಶೋಧಕರಿಂದ ಬರಹದಲ್ಲಿ ಪಡೆದುಕೊಳ್ಳಿ.